ಮೇಲಿನ ಹನ್ನೊಂದು, ಕೆಳಗಿನ ನಾಲ್ಕು

"ಇವಳೇ! ಈ ಕಳ್ಳಿಯೇ!"

ಮ್ಯಾನೇಜರ್ ಮೇಜು ಗುದ್ದಿದ ರಭಸಕ್ಕೆ ಮೌಸ್ ಇಲಿಯಂತೆಯೇ ಜಿಗಿದು ಅಂಚಿನಲ್ಲಿ ನೇತಾಡಿತು. ಬಾಗಿಲಿಗೆ ಅಂಟಿಸಿದ್ದ ಹಳೆಯ ಕಾಗದವೂ ಅದುರಿತು.

ರಕ್ತಪರೀಕ್ಷಾ ಕೇಂದ್ರದ ಮೇಲಂತಸ್ತಿನ ಹನ್ನೊಂದು ಕಂಪ್ಯೂಟರ್‌ಗಳಿಗೆ ಬೆಳಿಗ್ಗೆಯಿಂದ ಬೀಗ ಬಿದ್ದಿತ್ತು. ಯಾವುದನ್ನು ತೆರೆದರೂ ಒಂದೇ ಬೆದರಿಕೆ: ಕೇಳಿದಷ್ಟು ಹಣ ಕೊಡಿ, ಇಲ್ಲವೇ ವರದಿಗಳ ಆಸೆ ಬಿಡಿ. ಹೊರಗೆ ರೋಗಿಗಳ ಕಡೆಯವರು ಬಾಗಿಲು ಬಡಿಯುತ್ತಿದ್ದರು. ಕೆಳಂತಸ್ತಿನ ನಾಲ್ಕರ ಕೂದಲು ಮಾತ್ರ ಕೊಂಕಿರಲಿಲ್ಲ.

ನೆಲ ಒರೆಸುವಾಕೆ ಕೋಲು ಹಿಡಿದು ಗೋಡೆಗೆ ಅಂಟಿ ನಿಂತಿದ್ದಳು. ಒಂಬತ್ತು ವರ್ಷದ ಕೆಲಸ ಕಣ್ಣೆದುರೇ ಜಾರುತ್ತಿತ್ತು.

ತನಿಖೆಗೆ ಬಂದ ಕಂಪ್ಯೂಟರ್ ತಜ್ಞೆಗೆ ಮ್ಯಾನೇಜರ್ ಕ್ಯಾಮೆರಾದ ದೃಶ್ಯ ತೋರಿಸಿದರು. "ನೋಡಿ ಮೇಡಂ! ದಿನಾ ಸಂಜೆ ಎಲ್ಲರೂ ಹೋದ್ಮೇಲೆ ಕೆಳಗಿನ ನಾಲ್ಕರ ಹತ್ರ ಬಗ್ಗಿ ಏನೋ ಒತ್ತುತ್ತಾಳೆ. ಇವನ್ನ ಬಿಟ್ಬಿಡಿ ಅಂತ ತನ್ನ ಕಡೆಯವರಿಗೆ ಗುರುತು!"

"ಏನಮ್ಮಾ ಒತ್ತೋದು?"

"ಆಫ್ ಮಾಡೋ ಬಟನ್ ಮೇಡಂ. ಒಂದ್ಸಲ ಒದ್ದೆ ಬಟ್ಟೆ ವೈರಿಗೆ ತಾಗಿ ಕೈ ಜುಮ್ ಅಂತು. ಅವತ್ತಿಂದ ಆಫ್ ಮಾಡಿಯೇ ಒರೆಸೋದು."

"ಅಯ್ಯಯ್ಯೋ, ಕೈ ಜುಮ್ಮಂತು ಮೇಡಮ್ಮಾ!" ಮ್ಯಾನೇಜರ್ ಆಕೆಯ ದನಿಯನ್ನೇ ತೆಗೆದು ಅಣಕಿಸಿದರು. "ಮೇಲೆ ಯಾಕೆ ಜುಮ್ ಅನ್ನಲ್ಲ? ಮೇಲಿನ ಒಂದನ್ನೂ ಮುಟ್ಟಿಲ್ಲ ಇವಳು!"

"ಸಾರ್, ಅದು ನೀವೇ..."

"ಬಾಯಿ ಮುಚ್ಚು! ಪೊಲೀಸರ ಹತ್ರ ಹೇಳು."

ತಜ್ಞೆ ತಲೆಯೆತ್ತಿದಳು. "ಸಾರ್, ನಿಮ್ಮ ಬ್ರೌಸರ್ ಮುಚ್ಚಿ ಎಷ್ಟು ದಿನ ಆಯ್ತು?"

"ಮೂರು ತಿಂಗಳು. ಮುಚ್ಚಿದ್ರೆ ಅರವತ್ತು ಪುಟ ಯಾರು ಮತ್ತೆ ಹುಡುಕ್ತಾರೆ? ದಿನಾ ಪರದೆಯ ಮೂಲೇಲಿ ಗೊಣಗುತ್ತೆ, 'ದಯವಿಟ್ಟು ಮರುಪ್ರಾರಂಭಿಸಿ, ದಯವಿಟ್ಟು ಮರುಪ್ರಾರಂಭಿಸಿ'." ಮೂಗಿನಲ್ಲಿ ಅದನ್ನೂ ಅಣಕಿಸಿದರು. "ನಾನು 'ಆಮೇಲೆ' ಒತ್ತಿ ಅದರ ಬಾಯಿ ಮುಚ್ಚಿಸ್ತೀನಿ."

"ಈ ಬೀಗ ಹಾಕಿದ ವೈರಸ್ ಒಂದು ಇ-ಮೇಲ್‌ನಲ್ಲಿ ಬಂದಿದ್ದು. ಆ ಹಾಳು ಇ-ಮೇಲನ್ನ ಕೆಳಗಿನವರೂ ತೆರೆದಿದ್ದಾರೆ ಸಾರ್. ಅಲ್ಲಿ ವೈರಸ್‌ಗೆ ನುಸುಳೋಕೆ ಕಂಡಿ ಸಿಗಲಿಲ್ಲ. ಕಂಡಿ ಮುಚ್ಚೋ ಅಪ್‌ಡೇಟ್, ಬ್ರೌಸರಿಗೂ ಆಫೀಸ್ ಸಾಫ್ಟ್‌ವೇರಿಗೂ, ಹದಿನೈದಕ್ಕೂ ತಾನಾಗೇ ಬಂದಿತ್ತು. ಒಮ್ಮೆ ಮುಚ್ಚಿ ತೆರೆದರೆ ಮಾತ್ರ ಅದು ಕೂರೋದು. ಕೆಳಗೆ ದಿನಾ ಸಂಜೆ ಈಯಮ್ಮ ಆಫ್ ಮಾಡ್ತಿದ್ರು."

ಮ್ಯಾನೇಜರರ ಮುಖ ಕೆಂಪಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ. "ಹಾಗಾದ್ರೆ ಮೇಲಿನವನ್ನ ಯಾಕೆ ಆಫ್ ಮಾಡ್ಲಿಲ್ಲ? ಅಷ್ಟು ಸಣ್ಣ ಕೆಲಸ ಮಾಡೋಕೆ ಏನು ರೋಗ? ಕೇಳಿ ಇವಳನ್ನ!"

ಆಕೆ ಒರೆಸುವ ಕೋಲನ್ನೆತ್ತಿ ಬಾಗಿಲಿನ ಕಾಗದ ತೋರಿಸಿದಳು.

ಮೂರು ತಿಂಗಳ ಹಿಂದಿನ ತಾರೀಖು, ದಪ್ಪ ಅಕ್ಷರ, ಕೆಳಗೆ ಮ್ಯಾನೇಜರರದೇ ಸಹಿ: "ಮೇಲಿನ ಕಂಪ್ಯೂಟರ್‌ಗಳನ್ನು ಯಾರೂ ಆಫ್ ಮಾಡಕೂಡದು. ಮಾಡಿದವರು ನಾಳೆಯಿಂದ ಬರಬೇಕಾಗಿಲ್ಲ."