ಮರಿಯ ಮುಖ

ತಿಮಿಂಗಿಲದ ಮರಿಯ ಮುಖ ಹತ್ತಿರದಿಂದ ಸಿಕ್ಕರೆ ಪತ್ರಿಕೆಯ ಮುಖಪುಟ ನನ್ನದು ಎಂದು ಮಾತಾಗಿತ್ತು. ಕೊನೆಗೂ ತಾಯಿ ತಿಮಿಂಗಿಲ ಮರಿಯನ್ನು ನಮ್ಮ ದೋಣಿಯ ಪಕ್ಕಕ್ಕೇ ಕರೆತಂದಿತು. ನೀರು ನುಗ್ಗದ ಗಾಜಿನ ಪೆಟ್ಟಿಗೆಯೊಳಗಿದ್ದ ಕ್ಯಾಮೆರಾವನ್ನು ಸಮುದ್ರಕ್ಕಿಳಿಸಿ ತೆಗೆದದ್ದೇ ತೆಗೆದೆ. ಮೇಲೆತ್ತಿ ನೋಡಿದರೆ ಪ್ರತಿ ಚಿತ್ರದಲ್ಲೂ ಒಂದು ಕಪ್ಪು ಕಲೆ, ಅದೂ ಮರಿಯ ಮುಖದ ಮೇಲೇ.

"ಮರಿಗೆ ಮೀಸೆ ಬಂದಂಗಿದೆಯಲ್ಲ ಮೇಡಂ!" ದೋಣಿಯವನು ನಕ್ಕ.

ದುಪಟ್ಟಾದಿಂದ ಗಾಜು ಉಜ್ಜಿದೆ. ಕಲೆ ಒಳಗಿತ್ತು.

"ಬಿಚ್ಚಿ ಒರೆಸಿ ಮತ್ತೆ."

"ಇಲ್ಲಿ ಬಿಚ್ಚಿದ್ರೆ ಉಪ್ಪುನೀರು ಹೊಕ್ಕು ಕ್ಯಾಮೆರಾನೇ ಹೋಗತ್ತೆ ಮಾರಾಯ!"

ಅಷ್ಟರಲ್ಲಿ ತಾಯಿ, ಮರಿ ಎರಡೂ ಆಳಕ್ಕಿಳಿದವು.

ದಡ ಮುಟ್ಟಿದೊಡನೆ ಅಜ್ಜಿಗೆ ಫೋನ್ ಮಾಡಿ ಅತ್ತೆ. ಸಮುದ್ರವನ್ನೇ ನೋಡದೆ ತಿಮಿಂಗಿಲದ ಕತೆ ಹೇಳಿ ನನಗೆ ಈ ಹುಚ್ಚು ಹಿಡಿಸಿದವಳು ಅವಳು.

"ಎಲ್ಲಾ ಚಿತ್ರದಾಗೂ ಕಲೆ ಅಜ್ಜಿ, ಮರಿ ಮಾರಿ ಮ್ಯಾಲನ!"

"ಮಾರಿ ಮ್ಯಾಲನ ಬಿತ್ತೇನ? ಚಲೋ ಆತು ಬಿಡವಾ," ಅಜ್ಜಿಯ ದನಿ ಅರಳಿತು. "ಎಳೀ ಕೂಸು, ಮಂದಿ ದೃಷ್ಟಿ ಆಗಬಾರದಂತ, ನೀ ಹೊಂಡೂ ಮುಂದ ಆ ಗಾಜಿನ ಒಳಗ ನಾನಽ ಕಾಡಿಗಿ ಬೊಟ್ಟು ಇಟ್ಟಿದ್ದೆ."