ಶೇಂಗಾ ಬೇರಲ್ಲ

ಹಸಿ ಶೇಂಗಾ ಕಿತ್ತ ಮಣ್ಣಿನ ವಾಸನೆಗೆ ಇಂದಿಗೂ ಬ್ಯಾಡಗಿ ಹತ್ತಿರದ ನಮ್ಮೂರ ಸಾಲೆ ನೆನಪಾಗುತ್ತದೆ. ಒಂದು ಮಧ್ಯಾಹ್ನ ಸಾಲೆಯ ತಪಾಸಣೆಗೆ ಸಾಹೇಬರು ಟಾಂಗಾದಲ್ಲಿ ಬಂದಿದ್ದರು. ಮಾಸ್ತರರು ಹಲಗೆಯ ಮೇಲೆ ಬೇರುಗಳೆಂದು ಗಜ್ಜರಿ, ಮೂಲಂಗಿ, ಶೇಂಗಾ ಬರೆದಿದ್ದರು.

"ಶೇಂಗಾ ಬೇರೋ, ಕಾಯೋ?" ಸಾಹೇಬರು ನನ್ನನ್ನು ಕೇಳಿದರು.

"ಕಾಯಿ ರೀ. ಹೂವಿನ ಬುಡದಿಂದ ಎಳಿ ಇಳಿದು ಮಣ್ಣಾಗ ಕಾಯಿ ಕಟ್ಟತೈತಿ. ನಮ್ಮವ್ವ ತೋರ್ಸ್ಯಾಳ."

"ಶಾಬಾಸ್!" ಎಂದ ಸಾಹೇಬರು ಹಲಗೆ ನೋಡಿ, ಮಾಸ್ತರರನ್ನು ನೋಡಿ ನಕ್ಕರು. ಹುಡುಗರೂ ನಕ್ಕರು.

ಸಾಹೇಬರು ಹೋದ ಮೇಲೆ ಮಾಸ್ತರರು ಹಲಗೆಯಿಂದ ಶೇಂಗಾ ಅಳಿಸಿದರು. "ಹೊಲದಾಗ ಎಲ್ಲಾ ಕಲ್ತೀದಿ. ನಿನಗ ಸಾಲಿ ಯಾಕಲೇ? ನಾಳಿಂದ ಬರಬ್ಯಾಡ."

ಸಂಜೆ ಅವ್ವನಿಗೆ ನಡೆದದ್ದನ್ನೆಲ್ಲ ಹೇಳಿದೆ.

"ಸಾಹೇಬ್ರು ಶಾಬಾಸ್ ಅಂದ್ರಲ್ಲಾ, ಸಾಕ್ ಬಿಡು" ಎಂದು ಅವಳು ನನ್ನ ಪಾಟಿಯ ಮೇಲಿನ ಬಳಪದ ಅಕ್ಷರ ಒರೆಸಿ, ಅದನ್ನು ಗೋಡೆಯ ಮಾಡದಲ್ಲಿಟ್ಟಳು.

ಮರುದಿನ ಇಬ್ಬರೂ ಶೇಂಗಾ ಕೀಳಲು ಹೋದೆವು.