ಕೋಳಿಯ ಲೆಕ್ಕ ಬೇರೆ

ಭತ್ತದ ಹೊಟ್ಟಿನ ವಾಸನೆ ಬಂದರೆ ಈಗಲೂ ತೆಕ್ಕಟ್ಟೆಯ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ಹೇಂಟೆಯನ್ನು ಕಾವಿಗೆ ಕೂರಿಸಲು ಅಜ್ಜಿ ಹೊಟ್ಟು ತುಂಬಿದ ಬುಟ್ಟಿಯಲ್ಲಿ ಮೊಟ್ಟೆ ಜೋಡಿಸುತ್ತಿದ್ದರು. ಉರುಟು ಮೊಟ್ಟೆ ಹೇಂಟೆಯಾಗುತ್ತದೆ, ಚೂಪಿನದು ಹುಂಜವಾಗುತ್ತದೆ ಎಂದು ಅವರ ನಂಬಿಕೆ. ಒಳಕೋಣೆಯಲ್ಲಿ ಅಮ್ಮ ಹತ್ತು ದಿನದ ಬಾಣಂತಿ. ನನಗೆ ಎರಡನೆಯ ತಂಗಿ ಹುಟ್ಟಿದ್ದಳು.

"ಮೂರೂ ಹೆಣ್ಣೇ ಹೆತ್ಲ್. ಪಾಪ, ನನ್ನ ಮಗ ಎಂತ ಮಾಡುದ್?" ಎಂದರು ಅಜ್ಜಿ, ಒಳಗೆ ಕೇಳುವಷ್ಟು ಜೋರಾಗಿ.

ನಾನಾಗ ಹತ್ತನೆಯ ತರಗತಿ. "ಅಜ್ಜಿ, ಮರಿ ಹುಂಜವೋ ಹೇಂಟೆಯೋ ಅಂದೇಳಿ ತೀರ್ಮಾನ ಆಪ್ದ್ ತಾಯಿಕೋಳಿ ಕ್ರೋಮೋಸೋಮಿಂದ. ಮನ್ಷ್ರ ಲೆಕ್ಕ ಬೇರೆ. ಗಂಡುಮಗುಗೆ ಬೇಕಾದ ವೈ ಕ್ರೋಮೋಸೋಮ್ ಇಪ್ದ್ ಗಂಡಸ್ರ ಹತ್ರ. ಅದನ್ನ ಕೊಡದೆ ಇದ್ದದ್ದ್ ಅಪ್ಪಯ್ಯ."

"ಕೇಂಡ್ಯಾ ಮಗಾ, ನಿನ್ನ ಮಗಳ್ ಎಂತ ಹೇಳ್ತ್ ಕಾಣ್" ಎಂದರು ಅಜ್ಜಿ. ಜಗಲಿಯಲ್ಲಿ ಬಲೆ ಹೊಲಿಯುತ್ತಿದ್ದ ಅಪ್ಪಯ್ಯ ತಲೆ ಎತ್ತಲಿಲ್ಲ.

ನಾನು ಅಷ್ಟು ನೇರವಾಗಿ ಹೇಳಿದ್ದೆನೋ, ಆಮೇಲೆ ನೆನಪಿನಲ್ಲಿ ತಿದ್ದಿಕೊಂಡೆನೋ, ಖಚಿತವಿಲ್ಲ. ಒಳಗಿನಿಂದ ಬಂದ ಅಮ್ಮನ ದನಿಯ ಬಗ್ಗೆ ಮಾತ್ರ ಅನುಮಾನವಿಲ್ಲ.

"ಅಪ್ಪಯ್ಯಂಗೆ ಸಮ ಕೇಳಲಿಲ್ಲ ಕಾಣ್ತ್. ಇನ್ನೊಂದ್ಸಲ ಹೇಳ್ ಮಗಳೆ, ಜೋರಾಗ್ ಹೇಳ್."